ಕನ್ನಡ ಪದ ಬೇಕು: ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಮ್, ವರ್ಕ್‌ಪ್ಲೇಸ್ ವಯಲೆನ್ಸ್

ನಾಳೆ ಬೆಳಗ್ಗೆ ಪೋಸ್ಟರ್ ಅಚ್ಚಿಗೆ ಹೋಗಬೇಕು. ಜಗಳ ಹೊಡೆದಾಟಕ್ಕೆ ತಿರುಗುವ ಮುಂಚೆಯೇ ಸಿಬ್ಬಂದಿಯವರು ಸಂಸ್ಥೆಯೇ ಗೊತ್ತುಮಾಡಿದ ಆಪ್ತಸಮಾಲೋಚಕರ ಹತ್ತಿರ ಗುಟ್ಟಾಗಿ ಮಾತಾಡಬಹುದು ಅನ್ನುವುದು ವಿಷಯ. ‘ನೌಕರರ ಸಹಾಯ ಕಾರ್ಯಕ್ರಮ’, ‘ಕಾರ್ಯಸ್ಥಳದ ಹಲ್ಲೆ’ ಅಂತ ಬರೆದಿದ್ದೇನೆ. ನಡೆಯುತ್ತಾ?

— ‘ನೌಕರ’ ಪಾರಸಿ. ಉಳಿದದ್ದು ಹೆಚ್ಚುಕಮ್ಮಿ ಸಂಸ್ಕೃತ. ‘ಕೆಲಸಗಾರರ ನೆರವು’ ಅನ್ನಿ, ಮುಗಿಯಿತು.

— ‘ಕೆಲಸಗಾರ’ದ ‘ಗಾರ’ ಸಂಸ್ಕೃತದ ‘ಕಾರ’ದಿಂದಲೇ ಬಂದದ್ದು. ‘ಕಾಗದ’, ‘ಸರ್ಕಾರ’ ಪಾರಸಿಯಿಂದ ಬಂದವು, ಅವನ್ನು ಯಾರೂ ಬಿಟ್ಟಿಲ್ಲ. ‘ನೆರವು’ ಒಪ್ಪುತ್ತೇನೆ, ಆದರೆ ಕಾರಣ ಬೇರೆ. ‘ಸಹಾಯ’ ಅಂದರೆ ದುಡ್ಡು ಕೊಡುತ್ತಾರೆ ಅಂದುಕೊಳ್ಳುತ್ತಾರೆ. ‘ಕಾರ್ಯಕ್ರಮ’ ಅಂದರೆ ವೇದಿಕೆ, ಭಾಷಣ. ‘ಸೇವೆ’ ಸಾಕು.

ನನಗೆ ಜಾಸ್ತಿ ಕಳವಳ ಇರುವುದು ‘ಹಲ್ಲೆ’ ಬಗ್ಗೆ. ಅದು ಕೈ ಎತ್ತಿದ ಮೇಲಿನ ಮಾತು. ಈ ಸೇವೆಗೆ ಕೆಲಸ ಇರುವುದು ಅದಕ್ಕಿಂತ ಮುಂಚೆ: ಕುಡಿತ, ಸಾಲ, ಮನೆ ಜಗಳ, ಮೇಲಿನವರ ಮೇಲೆ ಕುದಿಯುತ್ತಿರುವ ಸಿಟ್ಟು. ಅಮೆರಿಕದಲ್ಲಿ ಇದರ ಬೇರು 1940ರ ದಶಕದಲ್ಲಿದೆ, ಕುಡಿತಕ್ಕೆ ಸಿಕ್ಕ ಕಾರ್ಮಿಕರಿಗಾಗಿ ನಡೆದ ಪ್ರಯತ್ನಗಳಲ್ಲಿ. ‘ಹಲ್ಲೆ’ ಅಂತ ಓದಿದವನು, ನಾನು ಯಾರನ್ನೂ ಹೊಡೆದಿಲ್ಲ, ಇದು ನನಗಲ್ಲ ಅಂತ ಮುಂದೆ ಹೋಗುತ್ತಾನೆ. ಅವನೇ ನಿಲ್ಲಬೇಕಾದವನು.

‘ಹಿಂಸೆ’ ಹಾಕಿ. ‘ಅವನ ಮಾತಿಂದ ಹಿಂಸೆ ಆಗ್ತಿದೆ’ ಅಂತ ದಿನಾ ಹೇಳುತ್ತೇವೆ ಅಲ್ವಾ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ 190ನೇ ಒಡಂಬಡಿಕೆಯೂ ಹಿಂಸೆ, ಕಿರುಕುಳ ಎರಡನ್ನೂ ಜೊತೆಗೇ ಇಟ್ಟಿದೆ. ಬೆದರಿಕೆ, ಮನಸ್ಸಿಗೆ ಆಗುವ ಪೆಟ್ಟು ಎಲ್ಲವೂ ಅದರೊಳಗೆ ಬರುತ್ತವೆ.

— ‘ಗುಟ್ಟಾಗಿ’ ಬೇಡ, ತಪ್ಪು ಮಾಡಿ ಅಡಗಿದ ಹಾಗಿದೆ. ‘ಗೋಪ್ಯವಾಗಿ’ ಇರಲಿ. ಆದರೆ ‘ಯಾರಿಗೂ ತಿಳಿಸುವುದಿಲ್ಲ’ ಅಂತ ಬರೆಯಬೇಡಿ. ಒಬ್ಬರನ್ನು ಕೊಲ್ಲುತ್ತೇನೆ ಅಂತ ಯಾರಾದರೂ ಹೇಳಿದರೆ ಸಮಾಲೋಚಕರು ಸುಮ್ನೆ ಕೂರುವ ಹಾಗಿಲ್ಲ.

— ‘ಗೋಪ್ಯ’ವೂ ಸಂಸ್ಕೃತ. ‘ಗುಟ್ಟು’ ನಮ್ಮದು. ಅದನ್ನು ಕೆಟ್ಟದ್ದಕ್ಕೆ ಕಟ್ಟಿಹಾಕಿದ್ದೂ ನಾವೇ. ಎರವಲು ತಂದು ತಂದು ನಮ್ಮ ಮಾತಿಗೆ ಜಾಗವೇ ಇಲ್ಲದಂತೆ ಮಾಡಿದ್ದೀರಿ.

— ಆ ಚರ್ಚೆ ಬೇರೆ ಎಳೆಯಲ್ಲಿ ಆಗಲಿ. ನಾನು ಕಳಿಸುತ್ತಿರುವುದು ಇದು: ‘ಕೆಲಸದ ಜಾಗದಲ್ಲಿ ಹಿಂಸೆಯೇ? ಬೆದರಿಕೆಯೇ? ನಿಮ್ಮ ಸಿಟ್ಟೇ ಕೈಮೀರುತ್ತಿದೆಯೇ? ನೌಕರರ ನೆರವು ಸೇವೆಗೆ ಬನ್ನಿ. ಯಾರ ಜೀವಕ್ಕೂ ಅಪಾಯವಿಲ್ಲದಿದ್ದರೆ ನಿಮ್ಮ ಮಾತು ಗೋಪ್ಯವಾಗಿರುತ್ತದೆ.’