ಹೊಸ ರಿವಾಲ್ವರಿನ ‘ಬ್ಲೂಯಿಂಗ್’ ಸವೆತಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಬೆಂಗಳೂರಿನಿಂದ:

ಕನ್ನಡ ಪದ ಹುಡುಕುವ ನಮ್ಮ ಬಳಗದವರಿಗೆ ನಮಸ್ಕಾರ. ಅಮೆರಿಕದ ಒಂದು ಸಣ್ಣಕತೆಯನ್ನು ವಾರಪತ್ರಿಕೆಯೊಂದಕ್ಕೆ ಅನುವಾದಿಸುತ್ತಿದ್ದೇನೆ, ಶುಕ್ರವಾರ ಸಂಜೆಯೊಳಗೆ ಕೊಡಬೇಕು. ಕತೆಯ ಹುಡುಗ ಅಂಗಡಿಯಿಂದ ಹೊಚ್ಚಹೊಸ ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರ್ ಕೊಂಡು ತರುತ್ತಾನೆ. ಬ್ಲೂಯಿಂಗ್ ಮಾಡಿದ, ಅಂದರೆ ತುಕ್ಕು ಹಿಡಿಯದಿರಲೆಂದು ಮೇಲ್ಮೈಗೆ ಬಣ್ಣ ಬರಿಸಿದ ಉಕ್ಕು, ಕಪ್ಪಿಗೆ ತಿರುಗಿದ ನೀಲಿ. ಮನೆಗೆ ಬಂದು ನೋಡಿದರೆ ಗುಂಡು ತುಂಬುವ ಸಿಲಿಂಡರಿನ ಸುತ್ತ ತೆಳ್ಳನೆಯ ಬಿಳಿ ಗೆರೆ. ಯಾರೋ ಬಳಸಿದ್ದನ್ನು ತನ್ನ ತಲೆಗೆ ಕಟ್ಟಿದ್ದಾರೆಂದು ಮರಳಿ ಹೋಗಿ ಜಗಳ ತೆಗೆಯುತ್ತಾನೆ. ಅಂಗಡಿಯವನು, ಇದು ದೋಷವಲ್ಲ, ನೋಟಕ್ಕಷ್ಟೇ ಕುಂದು ಎನ್ನುತ್ತಾನೆ. ಮುಂದಿನ ಸಂಭಾಷಣೆಯೆಲ್ಲ ಈ ಗೆರೆಯ ಮೇಲೆಯೇ ನಿಂತಿದೆ.

‘ನೀಲಿ ಹಾಕಿದ ರಿವಾಲ್ವರ್’ ಎಂದರೆ ಓದುಗರಿಗೆ ಒಗೆದ ಬಿಳಿ ಪಂಚೆ ನೆನಪಾಗುತ್ತದೆ. ‘ಸವಕಲು’ ಎಂದರೆ ಹುಡುಗ ಹೇಳಿದ್ದೇ ನಿಜವಾಗಿಬಿಡುತ್ತದೆ. ‘ಗೀರು’ ಎಂದರೆ ಯಾರೋ ಗೀರಿದಂತೆ. ಬ್ಲೂಯಿಂಗಿಗೆ ಒಂದು, ಗೆರೆಗೆ ಒಂದು ಪದ ಬೇಕು.

ಧಾರವಾಡದಿಂದ:

ಕಪ್ಪೇರಿಕೆ. ಸವೆತಕ್ಕೆ ‘ಕಪ್ಪಳಿವು’.

ಕಬ್ಬಿಣ ಎಂಬ ಪದವನ್ನೇ ಬಿಡಿಸಿ ನೋಡಿರಿ. ಹಳಗನ್ನಡದ ‘ಕರ್ಬುನ’, ಅಂದರೆ ಕರ್ ಮತ್ತು ಪೊನ್. ಕರಿಯ ಲೋಹ. ತಮಿಳಿನಲ್ಲಿಯೂ ‘ಕರುಂಪೊನ್’ ಇದೆ. ನಮ್ಮ ಹಿರಿಯರು ಲೋಹದ ಹೆಸರಿನೊಳಗೇ ಅದರ ಬಣ್ಣವನ್ನು ಹುದುಗಿಸಿಟ್ಟಿರುವಾಗ ‘ಬ್ಲೂಯಿಂಗ್’ ಎಂಬ ಹೊರೆ ಏಕೆ? ‘ನೀಲ’ ಕೂಡ ಸಂಸ್ಕೃತದ್ದು, ಅದೂ ಬೇಡ.

ಮೈಸೂರಿನಿಂದ:

‘ಕಪ್ಪಳಿವು’ ಎಂದು ಅಂಗಡಿಯವನು ಹೇಳಿದರೆ ಹುಡುಗ ಆ ರಿವಾಲ್ವರನ್ನು ಅಲ್ಲೇ ಪ್ರಯೋಗಿಸಿಯಾನು. ‘ನೀಲಿ ಲೇಪ’, ‘ಲೇಪ ಸವೆದಿದೆ’. ಮುಗಿಯಿತು.

ಡೆಟ್ರಾಯಿಟ್‌ನಿಂದ:

ಮುಗಿಯಲಿಲ್ಲ. ‘ಲೇಪ’ ತಪ್ಪು, ಏಕೆಂದರೆ ಇಲ್ಲಿ ಯಾರೂ ಏನನ್ನೂ ಬಳಿಯುವುದಿಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಅದರಲ್ಲಿ ಉಕ್ಕಿನ ಭಾಗಗಳನ್ನು ಮುಳುಗಿಸುತ್ತಾರೆ. ಮೇಲ್ಮೈಯ ಕಬ್ಬಿಣವೇ ಕಪ್ಪು ಆಕ್ಸೈಡ್ ಆಗುತ್ತದೆ, ಅದೇ ಮ್ಯಾಗ್ನೆಟೈಟ್. ಇನ್ನೂ ಹಳೆಯ ಪದ್ಧತಿಯಲ್ಲಿ ಉಕ್ಕಿಗೆ ಬೇಕೆಂದೇ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿಟ್ಟು ಕೆಂಪನ್ನು ಕಪ್ಪಾಗಿಸಿ, ತಿಕ್ಕಿ, ಮತ್ತೆ ತುಕ್ಕು ಹಿಡಿಸುತ್ತಿದ್ದರು. ಪಳಗಿಸಿದ ತುಕ್ಕು ಎನ್ನಬಹುದು. ಈ ಪೊರೆಯ ದಪ್ಪ ಕೆಲವೇ ಮೈಕ್ರಾನ್, ಆದ್ದರಿಂದ ಉಜ್ಜಿದರೆ ಹೋಗುತ್ತದೆ. ಎಣ್ಣೆ ಸವರದಿದ್ದರೆ ಕೆಂಪು ತುಕ್ಕನ್ನೂ ಅದು ಪೂರ್ತಿ ತಡೆಯಲಾರದು.

ಗೆರೆಗೆ ಬರುತ್ತೇನೆ. ಸಿಲಿಂಡರ್ ತಿರುಗುವಾಗ ಅದನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸಲು ಕೆಳಗಿನಿಂದ ಒಂದು ಸಣ್ಣ ಉಕ್ಕಿನ ಚಿಲಕ ಏಳುತ್ತದೆ. ಸ್ಮಿತ್ ಆ್ಯಂಡ್ ವೆಸನ್ ರಚನೆಯಲ್ಲಿ ಈ ಚಿಲಕ, ತಾನು ಕೂರಬೇಕಾದ ಸಿಲಿಂಡರಿನ ಕಚ್ಚು ಎದುರಾಗುವ ಮೊದಲೇ ಮೇಲೆದ್ದು, ಸಿಲಿಂಡರಿನ ಮೈಯನ್ನು ಉಜ್ಜುತ್ತ ಸಾಗಿ, ಕಚ್ಚು ಬಂದಾಗ ಅದರೊಳಗೆ ಬೀಳುತ್ತದೆ. ಕಾರ್ಖಾನೆಯಲ್ಲಿ ಕೆಲವು ಗುಂಡು ಹಾರಿಸಿ ಪರೀಕ್ಷಿಸಿಯೇ ಹೊರಗೆ ಕಳುಹಿಸುವುದರಿಂದ ಹೊಸದರಲ್ಲಿಯೂ ಗೆರೆಯ ಆರಂಭ ಕಾಣುತ್ತದೆ. ಕೋಲ್ಟ್ ಕಂಪನಿಯ ಹಳೆಯ ಸಿಂಗಲ್ ಆ್ಯಕ್ಷನ್ ಮಾದರಿಯಾದರೆ, ಅಂದರೆ ಪ್ರತಿ ಗುಂಡಿಗೂ ಕುದುರೆಯನ್ನು (ಗುಂಡಿಗೆ ಹೊಡೆಯುವ ಸುತ್ತಿಗೆಯನ್ನು) ಕೈಯಿಂದ ಎಳೆಯಬೇಕಾದದ್ದಾದರೆ, ಮಾತು ಬೇರೆ. ಅದರಲ್ಲಿ ಚಿಲಕ ಕಚ್ಚಿನ ಹತ್ತಿರ ಬಂದ ಮೇಲೆಯೇ ಏಳಬೇಕು. ಸುತ್ತಲೂ ಗೆರೆ ಬಿದ್ದಿದ್ದರೆ ಯಾರೋ ಅರ್ಧ ಎಳೆದ ಕುದುರೆಯನ್ನು ಹಾಗೆಯೇ ಇಳಿಸಿದ್ದಾರೆ ಎಂದರ್ಥ. ಕತೆಗಾರ ಸ್ಮಿತ್ ಆ್ಯಂಡ್ ವೆಸನ್ ಎಂದು ಬರೆದಿರುವುದರಿಂದ ಅಂಗಡಿಯವನು ಹೇಳುವುದು ನಿಜ. ಅನುವಾದದಲ್ಲಿ ಕಂಪನಿಯ ಹೆಸರನ್ನು ಬಿಡಬೇಡಿ.

ತುಮಕೂರಿನಿಂದ:

ಕಾವು, ಬಣ್ಣ ಎರಡೂ ಇರುವ ಪದ ಕುಲುಮೆಯಲ್ಲೇ ಇದೆಯಲ್ಲ? ‘ನೀಲಿ ಹದ’.

ಡೆಟ್ರಾಯಿಟ್‌ನಿಂದ:

ಹದ ಉಕ್ಕಿನ ಒಡಲಿಗೆ ಸೇರಿದ್ದು, ಇದು ತೊಗಲಿನ ಮಾತು. ಕಮ್ಮಾರ ಹದ ಹಾಕುವಾಗಲೂ 300 ಡಿಗ್ರಿಯ ಆಸುಪಾಸಿನಲ್ಲಿ ನೀಲಿ ಮೂಡುತ್ತದೆ, ನಿಜ. ಆದರೆ ‘ಹದ ಹೋಗಿದೆ’ ಎಂದರೆ ಆಯುಧವೇ ಕೆಟ್ಟಿತು ಎಂದಾಗುತ್ತದೆ. ಅಂಗಡಿಯವನ ವಾದ ಅಲ್ಲಿಗೆ ಮಣ್ಣುಪಾಲು.

ಮಡಿಕೇರಿಯಿಂದ:

ಇಷ್ಟು ಹೊತ್ತು ಕೋವಿ ಹಿಡಿದವರನ್ನು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಇರುವುದು ರಿವಾಲ್ವರ್ ಅಲ್ಲ, ಉದ್ದ ಕೋವಿ. ಕೈಲ್ ಪೊಳ್ದ್ ಹಬ್ಬಕ್ಕೆ ಒರೆಸಿ, ಎಣ್ಣೆ ಹಚ್ಚಿ, ತುದಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುತ್ತೇವೆ. ನಳಿಗೆಯ ಬಣ್ಣ ಹೋದಾಗ ‘ಬ್ಲೂಯಿಂಗ್ ಹೋಗಿದೆ’ ಎನ್ನುತ್ತೇವೆ, ಉಕ್ಕು ಕಾಣಿಸಿದರೆ ‘ಬೆಳ್ಳಗಾಗಿದೆ’ ಎನ್ನುತ್ತೇವೆ. ‘ಕಪ್ಪೇರಿಕೆ’ಯನ್ನು ಇವತ್ತೇ ಕೇಳಿದ್ದು.

ಅನುವಾದಕರಿಗೆ ಒಂದು ಮಾತು. ಚರ್ಮದ ಚೀಲದಲ್ಲಿಟ್ಟು ತಿರುಗಿದ ರಿವಾಲ್ವರಾಗಿದ್ದರೆ ಮೊದಲು ಬೆಳ್ಳಗಾಗುವುದು ನಳಿಗೆಯ ಮೂತಿ ಮತ್ತು ಅಂಚುಗಳು. ಮೂತಿ ಕಪ್ಪಾಗಿಯೇ ಇದ್ದು, ಸಿಲಿಂಡರಿನಲ್ಲಿ ಮಾತ್ರ ಗೆರೆ ಇದ್ದರೆ ಅದು ಹೊಸದೇ ಇರಬಹುದು. ಎರಡಕ್ಕೂ ‘ಸವೆತ’ ಎಂಬ ಒಂದೇ ಪದ ಹಾಕಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಮೂತಿಯದು ಬೆಳ್ಳಗಾಗುವುದು, ಸಿಲಿಂಡರಿನದು ಉಜ್ಜುಗೆರೆ.

ಧಾರವಾಡದಿಂದ:

ಬಳಸುವವರು ಇಂಗ್ಲಿಷ್ ಬಳಸುತ್ತಾರೆಂಬುದು ವಾದವೇ? ಹಾಗಿದ್ದರೆ ಈ ಬಳಗವನ್ನೇ ಮುಚ್ಚಬಹುದು. ‘ಉಜ್ಜುಗೆರೆ’ ಒಪ್ಪಿದೆ, ಅಚ್ಚಗನ್ನಡ. ‘ಬ್ಲೂಯಿಂಗ್’ ಒಪ್ಪುವುದಿಲ್ಲ.

ಮೈಸೂರಿನಿಂದ:

ಧಾರವಾಡದ ಹಿರಿಯರು ‘ರಿವಾಲ್ವರ್’ ಅನ್ನು ಸಲೀಸಾಗಿ ನುಂಗಿ ‘ಬ್ಲೂಯಿಂಗ್’ಗೆ ಮಾತ್ರ ಕೆಮ್ಮುತ್ತಿದ್ದಾರೆ. ‘ತುಪಾಕಿ’ ತುರ್ಕಿಯದು, ‘ಪಿಸ್ತೂಲು’ ಪೋರ್ಚುಗೀಸರದು, ಪಾತ್ರೆಯ ‘ಕಲಾಯಿ’ ಅರಬ್ಬಿಯದು. ಕಲಾಯಿಗೆ ಅಚ್ಚಗನ್ನಡ ಹುಡುಕುವವರೆಗೆ ಊಟ ಬಿಡುತ್ತೀರಾ?

ಧಾರವಾಡದಿಂದ:

‘ಕೋವಿ’ಯನ್ನು ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದ್ದೀರಿ. ಕೋವಿ ಎಂದರೆ ಕೊಳವೆ. ವಸ್ತು ಹೊರಗಿನಿಂದ ಬಂದಾಗ ನಮ್ಮ ಮಾತನ್ನೇ ಅದಕ್ಕೆ ತೊಡಿಸಿದವರೂ ಈ ನೆಲದಲ್ಲಿ ಇದ್ದರು. ಕಲಾಯಿಯ ಗೇಲಿಗೆ ಉತ್ತರಿಸುವುದಿಲ್ಲ.

ಬೆಂಗಳೂರಿನಿಂದ:

ಹೀಗೆ ಕಳುಹಿಸುತ್ತಿದ್ದೇನೆ:

“ಇದು ಗೀರಲ್ಲ, ಉಜ್ಜುಗೆರೆ. ಉರುಳೆ ತಿರುಗಿದಾಗಲೆಲ್ಲ ಚಿಲಕ ತಾಗಿ ನೀಲಿಗಪ್ಪು ಹೋಗುತ್ತದೆ. ಕಾರ್ಖಾನೆಯಲ್ಲೇ ತಿರುಗಿಸಿ ನೋಡಿರುತ್ತಾರೆ. ಮೂತಿ ನೋಡು, ಎಲ್ಲಾದರೂ ಬೆಳ್ಳಗಾಗಿದೆಯೇ?”

ಬ್ಲೂಯಿಂಗ್ ಎಂಬುದು ಮೊದಲ ಪುಟದಲ್ಲಿ ಒಮ್ಮೆ ಮಾತ್ರ ಬರುತ್ತದೆ, ಆಮೇಲೆಲ್ಲ ‘ನೀಲಿಗಪ್ಪು’. ಎಲ್ಲರಿಗೂ ಧನ್ಯವಾದ.

ಮೈಸೂರಿನಿಂದ:

ಸಿಲಿಂಡರಿಗೆ ‘ಉರುಳೆ’ ಎಂದು ಇಲ್ಲಿ ಯಾರು ಸೂಚಿಸಿದರು? ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಕೂಡ ಉರುಳೆಯೇ?

ಧಾರವಾಡದಿಂದ:

ಹೌದು.