ಸಪೋರ್ಟ್ ಪ್ರಾಜೆಕ್ಟಿಂದ ಡೆವಲಪ್‌ಮೆಂಟ್‌ಗೆ ಹೋಗೋಕೆ ದಾರಿ ಹೇಳಿ (ಸಹಾಯ ಬೇಕು)

ಎಲ್ರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವ್ನು, ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವ್ರಿಗಿರೋ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ಬರೆದು ನೇರ ಮೂರನೇ ಸೆಮಿಸ್ಟರ್‌ಗೆ ಬಿಇ ಕಂಪ್ಯೂಟರ್ ಸೈನ್ಸ್ ಸೇರ್ಕೊಂಡೆ, ವಿಟಿಯು, 2023ರಲ್ಲಿ ಮುಗೀತು. (ಹೀಗೆ ನೇರ ಸೇರಿದವ್ರು ಹೆಚ್ಚುವರಿಯಾಗಿ ಬರೀಬೇಕಾದ ಆ ಬ್ರಿಡ್ಜ್ ಮ್ಯಾಥ್ಸ್ ಪಾಸ್ ಮಾಡೋದ್ರಲ್ಲೇ ಅರ್ಧ ಜೀವ ಹೋಗಿತ್ತು, ಡಿಪ್ಲೊಮಾದವ್ರಿಗೆ ಗೊತ್ತಿರುತ್ತೆ.)

ಕ್ಯಾಂಪಸ್ಸಲ್ಲೇ ಬೆಂಗಳೂರಿನ ಒಂದು ಸರ್ವೀಸ್ ಕಂಪನಿಗೆ ಸೆಲೆಕ್ಟ್ ಆದೆ. ಟ್ರೈನಿಂಗ್ ಕೊಟ್ಟಿದ್ದು ಜಾವಾದಲ್ಲಿ, ಹಾಕಿದ್ದು ಪ್ರೊಡಕ್ಷನ್ ಸಪೋರ್ಟ್‌ಗೆ, ಅಂದ್ರೆ ಜನ ಈಗಾಗ್ಲೇ ಬಳಸ್ತಿರೋ ಸಾಫ್ಟ್‌ವೇರಲ್ಲಿ ತೊಂದ್ರೆ ಬಂದ್ರೆ ನೋಡ್ಕೊಳ್ಳೋ ಕೆಲ್ಸ. ಎರಡು ವರ್ಷದಿಂದ ನೈಟ್ ಶಿಫ್ಟ್, ಟಿಕೆಟ್ (ದೂರು) ಬರುತ್ತೆ, ಲಾಗ್ (ಸಿಸ್ಟಂ ಬರೆದಿಟ್ಟ ದಾಖಲೆ) ನೋಡ್ತೀನಿ, ಡೇಟಾಬೇಸ್ ಮೇಲೆ ಎಸ್‌ಕ್ಯೂಎಲ್ ಕ್ವೆರಿ ಓಡಿಸ್ತೀನಿ, ಸರ್ವೀಸ್ ರೀಸ್ಟಾರ್ಟ್ ಮಾಡ್ತೀನಿ, ನಿಜವಾಗ್ಲೂ ಬಗ್ ಇದ್ರೆ ಡೆವಲಪರ್ ಟೀಮಿಗೆ ದಾಟಿಸ್ತೀನಿ, ಅಷ್ಟೇ. ಊರಲ್ಲಿ ಎಲ್ರೂ ಸಾಫ್ಟ್‌ವೇರ್ ಇಂಜಿನಿಯರ್ ಅಂತಾರೆ, ನಂಗೆ ನಗು ಬರುತ್ತೆ.

ಡೆವಲಪ್‌ಮೆಂಟ್‌ಗೆ ಹಾಕಿ ಅಂತ ಮ್ಯಾನೇಜರ್ ಹತ್ರ ಮೂರು ಸಲ ಕೇಳಿದೀನಿ, ಪ್ರತಿ ಸಲ "ಮುಂದಿನ ಕ್ವಾರ್ಟರ್ ನೋಡೋಣ". ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ನಾನೇ ಕಲ್ತು ಎರಡು ಪ್ರಾಜೆಕ್ಟ್ ಗಿಟ್‌ಹಬ್‌ಗೆ (ಕೋಡ್ ಇಡೋ ಸೈಟ್) ಹಾಕಿದೀನಿ. ಐದು ಇಂಟರ್‌ವ್ಯೂ ಆಯ್ತು, ಕೋಡಿಂಗ್ ರೌಂಡ್ ದಾಟ್ತೀನಿ, ಆಮೇಲೆ "ನೀವು ಬರೆದ ಕೋಡ್ ಪ್ರೊಡಕ್ಷನ್‌ಗೆ ಹೋಗಿದ್ಯಾ" ಅಂತ ಕೇಳ್ತಾರೆ, ಅಲ್ಲಿಗೆ ಮುಗೀತು. ರೂಮ್‌ಮೇಟ್ ರೆಸ್ಯೂಮೆಲಿ ಡೆವಲಪರ್ ಅಂತಾನೇ ಹಾಕು ಅಂತಾನೆ, ಬ್ಯಾಕ್‌ಗ್ರೌಂಡ್ ಚೆಕ್ ನೆನಪಾದ್ರೆ ಭಯ, ಸುಳ್ಳು ಹೇಳೋಕೆ ಮನಸ್ಸೂ ಒಪ್ತಿಲ್ಲ. ಇದ್ರ ಮೇಲೆ ಕೆಲ್ಸ ಬಿಡೋಕೆ 90 ದಿನ ನೋಟಿಸ್ ಬೇರೆ.

ಗೇಟ್ ಬರೆದು ಎಂಟೆಕ್ ಮಾಡೋಣ ಅಂದ್ರೆ ತಿಂಗಳಿಗೆ 12,400 ಸ್ಟೈಪೆಂಡಲ್ಲಿ ಮನೆ ಸಾಲದ ಕಂತು ಕಟ್ಟೋಕಾಗಲ್ಲ.

ಸಪೋರ್ಟಿಂದ ಡೆವಲಪ್‌ಮೆಂಟ್‌ಗೆ ಹೋದವ್ರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್: ಈ ಎರಡು ವರ್ಷನ ರೆಸ್ಯೂಮೆಲಿ ಇದ್ದ ಹಾಗೇ ಹೇಗೆ ಬರೆದ್ರಿ, ಇಲ್ಲಾ ಸಂಬಳ ಕಮ್ಮಿ ಆದ್ರೂ ಫ್ರೆಶರ್ ಪೋಸ್ಟಿಗೇ ಹೋದ್ರಾ?