ಟ್ರಾನ್ಸ್‌ಕ್ರಿಪ್ಷನ್‌ಗೆ ಯಾವ ಹೆಡ್‌ಸೆಟ್? ಆಡಿಯಾಲಜಿಸ್ಟ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವ ಬೆಂಗಳೂರಿನ ಟ್ರಾನ್ಸ್‌ಕ್ರಿಪ್ಷನ್ ಬಳಗದಲ್ಲಿ ಒಂದು ವಾರದಿಂದ ಇದೇ ಗಲಾಟೆ, ಯಾವ ಹೆಡ್‌ಸೆಟ್ ತಗೊಳ್ಳಬೇಕು ಅಂತ. ಇವತ್ತು ಬೆಳಿಗ್ಗೆ ಒಬ್ಬ ಆಡಿಯಾಲಜಿಸ್ಟ್ ಮೇಡಂ ಉತ್ತರ ಕೊಡಲು ಒಪ್ಪಿದ್ದಾರೆ. ಶ್ರವಣ ಪರೀಕ್ಷೆ ಮಾಡುವುದು ಅವರ ಕೆಲಸ. ಕಾಲ್ ಸೆಂಟರ್‌ನವರ, ಟೈಪಿಂಗ್‌ನವರ ಕಿವಿ ನೋಡಿ ಚೆನ್ನಾಗಿ ಗೊತ್ತಿದೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಪೆಡಲ್ ರಾಣಿ: ನಮಸ್ಕಾರ ಮೇಡಂ. ದಿನಕ್ಕೆ ಆರೇಳು ಗಂಟೆ ಡಾಕ್ಟರ್‌ಗಳ ಡಿಕ್ಟೇಷನ್ ಕೇಳುತ್ತೇನೆ. ಗದ್ದದ ಕೆಳಗೆ ಇಳಿಬಿಡುವ, ಸ್ಟೆತಸ್ಕೋಪ್ ತರಹದ ಹೆಡ್‌ಸೆಟ್ ಒಳ್ಳೆಯದಾ, ತಲೆ ಮೇಲೆ ಕೂರುವ ದೊಡ್ಡದು ಒಳ್ಳೆಯದಾ?

ಆಡಿಯಾಲಜಿಸ್ಟ್: ನಮಸ್ಕಾರ. ಗದ್ದದ ಕೆಳಗಿನದು ಹಗುರ. ತಲೆ ಒತ್ತುವುದಿಲ್ಲ, ಜಡೆಗೆ ತೊಂದರೆ ಇಲ್ಲ, ಕನ್ನಡಕಕ್ಕೂ ತಗಲುವುದಿಲ್ಲ. ಮಾತು ಕೇಳಲೆಂದೇ ಮಾಡಿದ್ದು, ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಕಡಿಮೆ. ಡಿಕ್ಟೇಷನ್‌ಗೆ ಧಾರಾಳ ಸಾಕು. ಆದರೆ ಅದರ ತುದಿ ಕಿವಿಯ ಬಾಯಲ್ಲೇ ಕೂರುತ್ತದೆ. ಆರೇಳು ಗಂಟೆ ಹಾಗೇ ಇದ್ದರೆ ಬೆವರು, ಗುಗ್ಗೆ ಎರಡೂ ಒಳಗೇ ಉಳಿಯುತ್ತವೆ. ಕಿವಿ ಪದೇ ಪದೇ ತುರಿಸುವವರು, ಹಿಂದೆ ಯಾವಾಗಲಾದರೂ ಕಿವಿ ಸೋರಿದವರು ಅದನ್ನು ಬಿಡಿ. ಕಿವಿಯನ್ನು ಹೊರಗಿನಿಂದ ಪೂರ್ತಿ ಮುಚ್ಚುವ ಕುಶನ್ ಇರುವುದನ್ನು ತಗೊಳ್ಳಿ. ಪಾಳಿಯಲ್ಲಿ ಒಂದೇ ಸೆಟ್ ಹಂಚಿಕೊಳ್ಳುವ ಆಫೀಸಾದರೆ ತುದಿಯ ಸ್ಪಂಜು ಮಾತ್ರ ನಿಮ್ಮದೇ ಇರಲಿ.

ಕೀಬೋರ್ಡ್ ಕಿಟ್ಟಿ: 1,500 ರೂಪಾಯಿ ಒಳಗೆ ಒಂದು ಹೆಸರು ಹೇಳಿಬಿಡಿ ಮೇಡಂ.

ಆಡಿಯಾಲಜಿಸ್ಟ್: ಕಿವಿ ಮೇಲೆ ಹಾಕಿ ನೋಡದೆ ಹೆಸರು ಹೇಳಿದರೆ ಪ್ರಯೋಜನ ಇಲ್ಲ. ವೈರ್ ಇರಲಿ, ಎರಡೂ ಕಿವಿಗೆ ಬರಲಿ, ಬದಲಿ ಕುಶನ್ ಸಿಗುವಂತಿರಲಿ. ಡಬ್ಬದ ಮೇಲೆ 'ಎಕ್ಸ್‌ಟ್ರಾ ಬೇಸ್' ಅಂತ ದೊಡ್ಡದಾಗಿ ಬರೆದಿದ್ದರೆ ಅಲ್ಲೇ ವಾಪಸ್ ಇಡಿ.

ಬನಶಂಕರಿ ಎರಡನೇ ಹಂತ: ಈ ಕಾಲದಲ್ಲೂ ವೈರಾ? ನಾನು ಬ್ಲೂಟೂತ್‌ನಲ್ಲೇ ಮಾಡುತ್ತಿದ್ದೇನಲ್ಲ.

ಆಡಿಯಾಲಜಿಸ್ಟ್: ಮಾಡಿ, ಬೇಡ ಅನ್ನುವುದಿಲ್ಲ. ಆಡಿಯೋ ನಿಲ್ಲಿಸಲು, ಹಿಂದೆ ತಿರುಗಿಸಲು ಕಾಲಡಿ ಇಡುವ ಪೆಡಲ್ ಒತ್ತಿ ಎರಡು ಸೆಕೆಂಡ್ ಹಿಂದೆ ಹೋದಾಗ ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಕೆಲವು ಸೆಟ್‌ಗಳಲ್ಲಿ ಮೊದಲ ಅಕ್ಷರವೇ ನುಂಗಿಹೋಗುತ್ತದೆ. ಯಾವುದಾದರೂ ಆ್ಯಪ್ ಅದರ ಮೈಕ್ ಆನ್ ಮಾಡಿದರೆ ಸೆಟ್ಟು ಸಾಮಾನ್ಯವಾಗಿ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ. ಆಗ ಸದ್ದು ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಪಾಟಿಗೆ ವೈರೇ ನೆಮ್ಮದಿ.

ಪೆಡಲ್ ರಾಣಿ: ಪಾಟಿಗೆ ಅಂದರೆ?

ಆಡಿಯಾಲಜಿಸ್ಟ್: ಬೆರಳು ಜಾರಿತು. 'ಪೆಡಲ್‌ಗೆ'.

ಸಬ್‌ಟೈಟಲ್ ಅಕ್ಕ: ನಮ್ಮದು ಇನ್ಶೂರೆನ್ಸ್ ಫೋನ್ ಕರೆಗಳು. ಹೆಸರಿನ ಸ್ಪೆಲಿಂಗ್ ಹೇಳುವಾಗ 'ಎಸ್' ಯಾವುದು 'ಎಫ್' ಯಾವುದು ಗೊತ್ತಾಗುವುದಿಲ್ಲ. ಕೆಲಸ ಪರಿಶೀಲಿಸುವ ಕ್ಯೂಎಯವರು ದಿನಾ ಬೈಯುತ್ತಾರೆ. ದುಬಾರಿ ಸ್ಟುಡಿಯೋ ಹೆಡ್‌ಫೋನ್ ತಗೊಂಡರೆ ಸರಿಹೋಗುತ್ತದಾ? ಸೋನಿ ಎಂಡಿಆರ್-7506 ಅಂತ ಒಬ್ಬರು ಹೇಳಿದರು.

ಆಡಿಯಾಲಜಿಸ್ಟ್: ಒಳ್ಳೆಯ ಪ್ರಶ್ನೆ. ಸರಿಹೋಗುವುದಿಲ್ಲ. ಹಳೇ ಮಾದರಿಯ ಫೋನ್ ಲೈನು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ (ಸದ್ದು ಎಷ್ಟು ತಗ್ಗು, ಎಷ್ಟು ಕೀರಲು ಅನ್ನುವ ಅಳತೆ) ಸದ್ದನ್ನು ಮಾತ್ರ ದಾಟಿಸುತ್ತದೆ. 'ಸ್' ಅನ್ನುವಾಗ ಹಲ್ಲಿನ ಸಂದಿಯಿಂದ ಬರುವ ಸೀಟಿಯ ಜೋರೆಲ್ಲ ಇರುವುದು 4,000 ಹರ್ಟ್ಸ್‌ಗಿಂತ ಮೇಲೆ. ಅದು ರೆಕಾರ್ಡ್ ಆಗುವ ಮೊದಲೇ ಕತ್ತರಿಸಿಹೋಗಿದೆ. ಫೈಲಿನಲ್ಲೇ ಇಲ್ಲದ್ದನ್ನು ಯಾವ ಹೆಡ್‌ಫೋನ್ ತಂದುಕೊಡುತ್ತದೆ? ನೀವು ವಾಲ್ಯೂಮ್ ಏರಿಸುತ್ತೀರಿ, ಉಳಿದ ಸದ್ದೆಲ್ಲ ಜಾಸ್ತಿ ಆಗುತ್ತದೆ, 'ಎಸ್' ಮಾತ್ರ ಬರುವುದಿಲ್ಲ. ನಿಮ್ಮ ಕ್ಯೂಎಯವರಿಗೂ ಇದನ್ನು ತೋರಿಸಿ.

7506 ಕೆಟ್ಟದ್ದೇನಲ್ಲ. 1991ರಿಂದ ಸ್ಟುಡಿಯೋಗಳಲ್ಲಿ ಓಡುತ್ತಿರುವ ಮಾಡೆಲ್. ಸ್ಪಷ್ಟವಾಗಿ ರೆಕಾರ್ಡ್ ಆದ ಸಂದರ್ಶನಕ್ಕೆ, ಕೋರ್ಟಿನ ಆಡಿಯೋಗೆ ಚೆನ್ನಾಗಿರುತ್ತದೆ. ಫೋನ್ ಕರೆಗೆ ಅಷ್ಟು ಸುರಿಯುವುದು ದಂಡ.

ದಪ್ಪ ಸದ್ದು, ತಗ್ಗಿನ ಗುಂಯ್‌ಗುಡುವಿಕೆ ಮೇಲಿನ ಕೀರಲು ದನಿಯ ಸೂಕ್ಷ್ಮ ಸದ್ದನ್ನು ಮುಚ್ಚಿಹಾಕುತ್ತದೆ. ಫ್ಯಾನು, ಎಸಿ, ಕಾರಿನ ಇಂಜಿನ್ ಇರುವ ರೆಕಾರ್ಡಿಂಗ್‌ನಲ್ಲಿ ವ್ಯಂಜನಗಳು ಸಿಗದಿರುವುದು ಅದಕ್ಕೇ. ವಿಎಲ್‌ಸಿ ಪ್ಲೇಯರ್‌ನಲ್ಲಿ ಸದ್ದಿನ ತಗ್ಗು-ಮೇಲು ಭಾಗಗಳನ್ನು ಬೇರೆ ಬೇರೆ ಹೊಂದಿಸುವ ಈಕ್ವಲೈಜರ್ ಇದೆ, ಅದರಲ್ಲಿ ಎಡಗಡೆಯ ತಗ್ಗಿನ ಪಟ್ಟಿಗಳನ್ನು ಇಳಿಸಿ, 2,000-3,000 ಹರ್ಟ್ಸ್ ಸುತ್ತ ಒಂಚೂರು ಏರಿಸಿ. ಒಬ್ಬರು ಕಿರುಚಿ, ಇನ್ನೊಬ್ಬರು ಪಿಸುಗುಟ್ಟುವ ಫೈಲಾದರೆ ಜೋರು, ಮೆತ್ತಗಿನ ಸದ್ದನ್ನು ಸಮ ಮಾಡುವ ಕಂಪ್ರೆಸರ್ ಅಲ್ಲೇ ಇದೆ, ಆನ್ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಹೆಬ್ಬಾಳ ಫ್ಲೈಓವರ್: ನನ್ನ ಫೈಲ್ ಬರೀ ಎಡಗಿವಿಯಲ್ಲಿ ಬರುತ್ತದೆ.

ಆಡಿಯಾಲಜಿಸ್ಟ್: ವಿಂಡೋಸ್ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಆಡಿಯೋ, 'ಮೋನೋ ಆಡಿಯೋ' ಆನ್. ಎರಡೂ ಕಿವಿಯಲ್ಲಿ ಬರುತ್ತದೆ. ಎರಡು ಕಿವಿಯಿಂದ ಕೇಳಿದರೆ ಕಡಿಮೆ ವಾಲ್ಯೂಮ್‌ನಲ್ಲೇ ಮಾತು ಸಿಗುತ್ತದೆ. ಒಂದೇ ಕಿವಿಯ ಹೆಡ್‌ಸೆಟ್ ಬೇಡ ಅನ್ನುವುದೂ ಅದಕ್ಕೇ.

ರಾತ್ರಿ ಪಾಳಿ: ಮೇಡಂ, ಜೋರಾಗಿ ಕೇಳುವ ಹೆಡ್‌ಸೆಟ್ ಯಾವುದು? ಮೊನ್ನೆ ಬೆಳಿಗ್ಗೆ ಎದ್ದಾಗಿನಿಂದ ಎಡಗಡೆ ಮಂದ ಕೇಳುತ್ತಿದೆ, ಒಂದು ಗುಂಯ್ ಸದ್ದು ಬೇರೆ. ವೈರ್ ಹೋಗಿದೆ ಅಂತ ಹೊಸದು ತಂದೆ, ಅದರಲ್ಲೂ ಹಾಗೇ. ಹೊಸದೂ ಡೂಪ್ಲಿಕೇಟ್ ಇರಬೇಕು.

ಕೀಬೋರ್ಡ್ ಕಿಟ್ಟಿ: ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟಲ್ಲಿ ತಗೊಂಡಿರಬೇಕು. ಅಲ್ಲಿ ಸಿಗುವುದೆಲ್ಲ ಡೂಪ್ಲಿಕೇಟ್.

ಅವೆನ್ಯೂ ರೋಡ್ ಹುಡುಗ: ಎಲ್ಲ ಅಂದರೇನು ಸ್ವಾಮಿ? ವರ್ಷಗಟ್ಟಲೆ ಅಲ್ಲೇ ತಗೊಳ್ಳುತ್ತಿದ್ದೇನೆ. ಬಿಲ್ ಕೇಳಿ ತಗೊಂಡರೆ ಒರಿಜಿನಲ್ಲೇ ಸಿಗುತ್ತದೆ.

ಆಡಿಯಾಲಜಿಸ್ಟ್: ಇಬ್ಬರೂ ಸ್ವಲ್ಪ ತಡೆಯಿರಿ. ರಾತ್ರಿ ಪಾಳಿ, ಈಗಲೇ ಇದನ್ನು ಮಾಡಿ. ಹೆಡ್‌ಸೆಟ್ ತಿರುಗಿಸಿ ಹಾಕಿಕೊಳ್ಳಿ, ಎಡಗಡೆಯದು ಬಲಗಿವಿಗೆ ಬರಲಿ. ಈಗ ಯಾವ ಕಿವಿ ಮಂದ? ಆಮೇಲೆ ಹೆಡ್‌ಸೆಟ್ ತೆಗೆದಿಟ್ಟು, ಬಾಯಿ ಮುಚ್ಚಿ 'ಹ್ಮ್‌ಮ್' ಅಂತ ಗುನುಗಿ. ಯಾವ ಕಡೆ ಜಾಸ್ತಿ ಕೇಳುತ್ತದೆ? ನೋವು, ಸೋರುವುದು, ತಲೆಸುತ್ತು ಇದೆಯಾ? ಮುಖ ಒಂದು ಕಡೆ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ ಟೈಪ್ ಮಾಡುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೋಗಿ.

ರಾತ್ರಿ ಪಾಳಿ: ತಿರುಗಿಸಿ ಹಾಕಿದೆ. ಆಗಲೂ ಎಡಗಿವಿಯೇ ಮಂದ. ಗುನುಗಿದರೆ ಬಲಗಡೆ ಜಾಸ್ತಿ. ನೋವಿಲ್ಲ, ಸೋರುತ್ತಿಲ್ಲ. ಮುಖ, ಮಾತು ಸರಿಯಾಗಿದೆ. ನಿನ್ನೆ ಎದ್ದಾಗ ಸ್ವಲ್ಪ ತೂರಾಡಿದ ಹಾಗಾಯಿತು, ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡೆ. ಶುಕ್ರವಾರ ಫೈಲ್ ಕೊಡಬೇಕು ಮೇಡಂ. ಶನಿವಾರ ತೋರಿಸಿದರೆ ಆಗುತ್ತದಾ?

ಆಡಿಯಾಲಜಿಸ್ಟ್: ಆಗುವುದಿಲ್ಲ. ಇವತ್ತೇ ಹೋಗಬೇಕು. ಪೂರ್ತಿ ಓದಿ.

ತೊಂದರೆ ಹೆಡ್‌ಸೆಟ್ಟಿನದಾಗಿದ್ದರೆ ತಿರುಗಿಸಿದಾಗ ಮಂದ ಬಲಗಿವಿಗೆ ಹೋಗಬೇಕಿತ್ತು. ಹೋಗಲಿಲ್ಲ. ಗುಗ್ಗೆ ಕಟ್ಟಿಯೋ, ಶೀತಕ್ಕೆ ನೀರು ತುಂಬಿಯೋ ಮಂದ ಆಗಿದ್ದರೆ ಗುನುಗಿದ ಸದ್ದು ಸಾಮಾನ್ಯವಾಗಿ ಆ ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ನಿಮಗೆ ಒಳ್ಳೆಯ ಕಿವಿಯಲ್ಲಿ ಕೇಳುತ್ತಿದೆ. ಅಂದರೆ ತೊಂದರೆ ಒಳಗಿವಿಯದೋ ನರದ್ದೋ ಇರಬಹುದು. ಕ್ಲಿನಿಕ್ಕಿನಲ್ಲಿ ಟ್ಯೂನಿಂಗ್ ಫೋರ್ಕ್ ಹಣೆಗೆ ಇಟ್ಟು ನೋಡುವುದೂ ಇದನ್ನೇ. ಮನೆಯಲ್ಲಿ ಗುನುಗಿದ್ದನ್ನು ನಂಬಿ ನಾನು ತೀರ್ಮಾನ ಹೇಳುವುದಿಲ್ಲ, ಆದರೆ ಕಾಯುವಂಥದ್ದಂತೂ ಅಲ್ಲ.

ಮೂರು ದಿನದೊಳಗೆ ಒಂದು ಕಿವಿಯ ಶ್ರವಣ ಇದ್ದಕ್ಕಿದ್ದಂತೆ ಇಳಿಯುವುದನ್ನು ನಾವು ತುರ್ತು ಅಂತಲೇ ಎಣಿಸುತ್ತೇವೆ. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಕೆಲವರಿಗೆ ತಾನಾಗಿಯೇ ವಾಪಸ್ ಬರುತ್ತದೆ, ಯಾರಿಗೆ ಅಂತ ಮೊದಲೇ ಹೇಳುವ ಹಾಗಿಲ್ಲ. ಇಎನ್‌ಟಿ ಡಾಕ್ಟರ್ ಸಾಮಾನ್ಯವಾಗಿ ಸ್ಟಿರಾಯ್ಡ್ ಕೊಡುತ್ತಾರೆ. ಅದು ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎರಡು ವಾರ ದಾಟಿದರೆ ಗುಣ ಕಾಣುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಆ ಎರಡು ವಾರವನ್ನು ಗುಗ್ಗೆ ಡ್ರಾಪ್ಸ್ ಹಾಕಿ, ಹೊಸ ಇಯರ್‌ಫೋನ್ ತಗೊಂಡು ಕಳೆದಿರುತ್ತಾರೆ.

ಅಂಗಡಿಯಿಂದ ನೀವೇ ಸ್ಟಿರಾಯ್ಡ್ ತಗೊಳ್ಳಬೇಡಿ. ಶುಗರ್, ಬಿಪಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆ ಎರಡರಲ್ಲೂ ಇಎನ್‌ಟಿ ವಿಭಾಗ ಇದೆ. ಮನೆ ಹತ್ತಿರದ ಇಎನ್‌ಟಿ ಆದರೂ ಸರಿ. 'ಮೊನ್ನೆಯಿಂದ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳುತ್ತಿಲ್ಲ' ಅಂತ ಇದೇ ಮಾತಿನಲ್ಲಿ ಹೇಳಿ. 'ಕಿವಿ ಕಟ್ಟಿದೆ' ಅನ್ನಬೇಡಿ, ಹಾಗಂದರೆ ಸರದಿಯಲ್ಲಿ ಹಿಂದೆ ಬೀಳುತ್ತೀರಿ. ಆಡಿಯೋಗ್ರಾಮ್, ಅಂದರೆ ಶ್ರವಣ ಪರೀಕ್ಷೆ, ಮಾಡಿಸಿಯೇ ಬನ್ನಿ. ತೂರಾಟ ಇದ್ದುದರಿಂದ ಬೈಕ್ ಓಡಿಸಬೇಡಿ. ಅಲ್ಲಿಯವರೆಗೆ ಹೆಡ್‌ಸೆಟ್ ಮುಟ್ಟಬೇಡಿ. ಫೈಲನ್ನು ಇನ್ಯಾರಾದರೂ ಮಾಡುತ್ತಾರೆ.

ಪೆಡಲ್ ರಾಣಿ: ರಾತ್ರಿ ಪಾಳಿ, ಫೈಲ್ ನನಗೆ ಕಳಿಸಿ. ಅರ್ಧ ನಾನು ಮಾಡುತ್ತೇನೆ. ದುಡ್ಡಿನ ಮಾತು ಆಮೇಲೆ.

ಮನೆಮದ್ದು ಮಾವ: ಗಾಬರಿ ಬೇಡ. ಹರಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ಉಗುರು ಬೆಚ್ಚಗೆ ಮೂರು ಹನಿ ಬಿಡಿ. ನರ ತೆರೆದುಕೊಳ್ಳುತ್ತದೆ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದದ್ದು, ಸಾವಿರಾರು ಜನರಿಗೆ ಗುಣ ಆಗಿದೆ. ಕಿವಿಗೆ ಇಟ್ಟು ಹಚ್ಚುವ ಮೇಣದ ಬತ್ತಿ, ಇಯರ್ ಕ್ಯಾಂಡಲ್ ಕೂಡ ಒಳ್ಳೆಯದು.

ಆಡಿಯಾಲಜಿಸ್ಟ್: ಬಿಡಬೇಡಿ. ಯಾರೂ ಬಿಡಬೇಡಿ. ಕಿವಿಗೆ ಹಾಕಿದ ಎಣ್ಣೆ ತಮಟೆಯ ಹೊರಗೇ ನಿಲ್ಲುತ್ತದೆ, ಒಳಗಿವಿಗೆ ಹೋಗುವ ದಾರಿಯೇ ಇಲ್ಲ. ತಮಟೆಯಲ್ಲಿ ತೂತಿದ್ದರೆ ಮಾತ್ರ ಒಳಗೆ ಹೋಗುತ್ತದೆ, ಅದು ಇನ್ನೂ ಅಪಾಯ. ಎಣ್ಣೆ, ಬೆವರು ಸೇರಿದ ಕಿವಿಯಲ್ಲಿ ಬೂಷ್ಟು ಬೆಳೆಯುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಕ್ಯಾಂಡಲ್ ಗುಗ್ಗೆ ಎಳೆಯುವುದಿಲ್ಲ. ಸುಟ್ಟ ಮೇಲೆ ಕಾಣುವುದು ಮೇಣದ ಬೂದಿ. ಕಿವಿ ಸುಟ್ಟುಕೊಂಡವರಿದ್ದಾರೆ.

ಮನೆಮದ್ದು ಮಾವ: ನಮ್ಮಜ್ಜಿ ಜೀವನಪೂರ್ತಿ ಎಣ್ಣೆ ಬಿಟ್ಟುಕೊಂಡರು. ತೊಂಬತ್ತರಲ್ಲೂ ಕಿವಿ ಚುರುಕು.

ಆಡಿಯಾಲಜಿಸ್ಟ್: ನಿಮ್ಮಜ್ಜಿ ಹೆಡ್‌ಸೆಟ್ ಹಾಕಿಕೊಂಡು ರಾತ್ರಿಯಿಡೀ ಟೈಪ್ ಮಾಡುತ್ತಿದ್ದರಾ?

ಮನೆಮದ್ದು ಮಾವ: ಹಿರಿಯರ ಬಗ್ಗೆ ಹೀಗೆ ಮಾತಾಡುವುದಾ? ಇಂಗ್ಲಿಷ್ ಔಷಧಿಯವರದು ಬರೀ ಬಿಸಿನೆಸ್.

ಸಬ್‌ಟೈಟಲ್ ಅಕ್ಕ: ಮಾವ, ಒಬ್ಬರ ಕಿವಿ ಹೋಗುತ್ತಿದೆ, ನೀವು ಅಜ್ಜಿ ಕತೆ ಹೇಳುತ್ತಿದ್ದೀರಿ. ಸುಮ್ನಿರಿ.

ರಾತ್ರಿ ಪಾಳಿ: ಹೊರಟೆ ಮೇಡಂ. ತಮ್ಮ ಆಟೋ ಹಿಡಿದಿದ್ದಾನೆ.

ಮಲ್ಲೇಶ್ವರಂ ಮೊಗ್ಗು: ಓಲೆ, ಜುಮುಕಿ ಹಾಕಿಕೊಂಡೇ ಮುಚ್ಚುವ ಹೆಡ್‌ಫೋನ್ ಹಾಕಬಹುದಾ?

ಯಲಹಂಕ ಎಡಿಟರ್: ಹೊರಗಿನ ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಬೇಕಾ? ಮನೆ ಮುಂದೆ ಮೆಟ್ರೋ ಕೆಲಸ. ಪಕ್ಕದ ಸೈಟಲ್ಲಿ ಕಲ್ಲು ಕತ್ತರಿಸುತ್ತಾರೆ. ಗುಜರಿ ಗಾಡಿಯವನು ರೆಕಾರ್ಡ್ ಹಾಕಿಕೊಂಡು ಬೀದಿಗೆ ಮೂರು ಸುತ್ತು ಬರುತ್ತಾನೆ.

ಆಡಿಯಾಲಜಿಸ್ಟ್: ಜನರೇಟರ್, ಫ್ಯಾನು, ಎಸಿ, ಹೀಗೆ ಒಂದೇ ಸಮ ಗುಂಯ್‌ಗುಡುವ ತಗ್ಗಿನ ಸದ್ದನ್ನು ಅದು ಚೆನ್ನಾಗಿ ಇಳಿಸುತ್ತದೆ. ಗುಜರಿಯವನ ಕೂಗು, ಹಾರ್ನು, ಕಲ್ಲು ಕತ್ತರಿಸುವ ಕಿರ್ರ್ ಸದ್ದಿನ ಮುಂದೆ ಅದರ ಆಟ ಅಷ್ಟು ನಡೆಯುವುದಿಲ್ಲ. ಅವನ್ನು ತಡೆಯುವುದು ಕಿವಿಗೆ ಸರಿಯಾಗಿ ಕೂತ ದಪ್ಪ ಕುಶನ್. ಕನ್ನಡಕದ ಕಡ್ಡಿ ದಪ್ಪ ಇದ್ದರೆ ಆ ಸಂದಿಯಲ್ಲೇ ಸದ್ದು ನುಗ್ಗುತ್ತದೆ, ಹಾಕಿ ನೋಡಿ ತಗೊಳ್ಳಿ. ಹೊರಗಿನ ಗಲಾಟೆ ಮೀರಿಸಲು ವಾಲ್ಯೂಮ್ ಏರಿಸುವುದೇ ಕಿವಿಗೆ ದೊಡ್ಡ ಶತ್ರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್ (ಸದ್ದಿನ ಜೋರಿನ ಅಳತೆ), ವಾರಕ್ಕೆ 40 ಗಂಟೆ. ಅದಕ್ಕಿಂತ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯಬೇಕು. 83ಕ್ಕೆ 20 ಗಂಟೆ, 86ಕ್ಕೆ 10. ಬೆಳಿಗ್ಗೆ ಮನೆ ಶಾಂತವಾಗಿರುವಾಗ ಮಾತು ಸ್ಪಷ್ಟವಾಗಿ ಸಿಗುವ ಕನಿಷ್ಠ ವಾಲ್ಯೂಮ್ ನೋಡಿ ಬರೆದಿಟ್ಟುಕೊಳ್ಳಿ. ಸಂಜೆ ಅದಕ್ಕಿಂತ ಏರಿಸಬೇಕು ಅನ್ನಿಸಿದರೆ ಕಿವಿ ದಣಿದಿದೆ ಅಥವಾ ಕೋಣೆ ಗದ್ದಲವಾಗಿದೆ. ಎದ್ದು ಹೋಗಿ ಕಾಫಿ ಕುಡಿಯಿರಿ.

ಹೊಸ ಸದಸ್ಯ: ಮೇಡಂ, 1,500 ಒಳಗೆ ಯಾವುದು ಬೆಸ್ಟ್?

ಆಡಿಯಾಲಜಿಸ್ಟ್: ಮೇಲೆ ಓದಿ.

ಕೆಂಗೇರಿ ಕ್ಯಾಪ್ಷನ್: ಬ್ಲೂಟೂತ್ ಪರವಾಗಿಲ್ಲವಾ?

ಆಡಿಯಾಲಜಿಸ್ಟ್: ಮೇಲೆ ಓದಿ.

ಟೆಕ್ ತಿಮ್ಮ: ಇದೆಲ್ಲ ಯಾಕೆ ತಲೆಕೆಡಿಸಿಕೊಳ್ಳುತ್ತೀರಿ? ಎಐ ಬಂದಿದೆ. ಇನ್ನೆರಡು ವರ್ಷಕ್ಕೆ ಟ್ರಾನ್ಸ್‌ಕ್ರಿಪ್ಷನ್ನೇ ಇರುವುದಿಲ್ಲ.

ಪೆಡಲ್ ರಾಣಿ: ಅದೇ ಎಐ ಬರೆದದ್ದನ್ನು ತಿದ್ದುವ ಕೆಲಸವೇ ಈಗ ನನಗೆ ಬರುತ್ತಿರುವುದು. 'ಹೈಪರ್' ಅಂದದ್ದನ್ನು 'ಹೈಪೋ' ಅಂತ ಬರೆದಿರುತ್ತದೆ. ಪೇಷೆಂಟ್‌ಗೆ ಬಿಪಿ ಜಾಸ್ತಿಯೋ ಕಡಿಮೆಯೋ ಅನ್ನುವುದೇ ಉಲ್ಟಾ. ಮೊದಲಿಗಿಂತ ಗಮನ ಕೊಟ್ಟು ಕೇಳಬೇಕು, ರೇಟ್ ಮಾತ್ರ ಅರ್ಧ.

ಟೆಕ್ ತಿಮ್ಮ: ರೇಟ್ ಅರ್ಧ ಆಗಿದ್ದು ಯಾಕೆ ಅಂತ ಯೋಚಿಸಿ ಹಾಗಾದರೆ.

ಸಬ್‌ಟೈಟಲ್ ಅಕ್ಕ: ಮಂಡ್ಯದವರು, ಮಂಗಳೂರಿನವರು, ಧಾರವಾಡದವರು ಮೂರೂ ಜನ ಒಟ್ಟಿಗೆ ಮಾತಾಡುವ ಒಂದು ಫೈಲ್ ಕಳಿಸುತ್ತೇನೆ. ನಿಮ್ಮ ಎಐ ಕೈಲಿ ಮಾಡಿಸಿ ತೋರಿಸಿ ತಿಮ್ಮಣ್ಣ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಆರ್‌ಟಿ ನಗರ: ಪೆಡಲ್ ಯಾವುದು ಒಳ್ಳೆಯದು? ಯುಎಸ್‌ಬಿ ಹೆಡ್‌ಸೆಟ್ ಹಾಕಿದರೆ ಪೆಡಲ್ ಕೆಲಸ ಮಾಡುತ್ತದಾ?

ಮನೆಮದ್ದು ಮಾವ: ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಕಿವಿ ಕ್ಲೀನ್ ಆಗುತ್ತದೆ ಅಂತ ಒಬ್ಬ ಅಮೆರಿಕದ ಡಾಕ್ಟರೇ ವಿಡಿಯೋದಲ್ಲಿ ಹೇಳಿದ್ದಾರೆ. ಇದೂ ಸುಳ್ಳಾ? ಲಿಂಕ್ ಹಾಕುತ್ತೇನೆ.

ಆಡಿಯಾಲಜಿಸ್ಟ್: ಹಾಕಬೇಡಿ. ತಮಟೆ ಸರಿಯಿದೆ ಅಂತ ನೋಡಿದ ಮೇಲೆ ಗುಗ್ಗೆ ಮೆತ್ತಗಾಗಲು ಡ್ರಾಪ್ಸ್ ಕೊಡುವುದುಂಟು. ನೋಡದೆ ಊರಿಗೆಲ್ಲ ಹಂಚುವುದಲ್ಲ. ಇಯರ್ ಬಡ್ ಕೂಡ ಬೇಡ, ಗುಗ್ಗೆಯನ್ನು ಒಳಕ್ಕೆ ತಳ್ಳುತ್ತದೆ. ಇದಕ್ಕೆ ಮತ್ತೆ ಉತ್ತರ ಕೊಡುವುದಿಲ್ಲ.

ಮನೆಮದ್ದು ಮಾವ: ಕೇಳಿದ್ದಕ್ಕೆ ಇಷ್ಟು ಕೋಪವಾ? ಕೇಳಲು ತಾನೆ ಗ್ರೂಪ್ ಇರುವುದು.

ಕೀಬೋರ್ಡ್ ಕಿಟ್ಟಿ: ಮಾವ ಕೇಳುತ್ತಿಲ್ಲ, ಹೇಳುತ್ತಿದ್ದಾರೆ.

ಆಡಿಯಾಲಜಿಸ್ಟ್: ನನಗೆ ಪೇಷೆಂಟ್ ಇದ್ದಾರೆ, ಹೊರಡುತ್ತೇನೆ. ರಾತ್ರಿ ಪಾಳಿಯವರು ಆಡಿಯೋಗ್ರಾಮ್ ಬಂದ ಕೂಡಲೇ ನನಗೆ ನೇರ ಮೆಸೇಜ್ ಮಾಡಲಿ, ಗ್ರೂಪಿಗೆ ಹಾಕುವುದು ಬೇಡ. ಅಡ್ಮಿನ್, ಎಣ್ಣೆಯ ಆ ಪೋಸ್ಟ್ ತೆಗೆಯಿರಿ.

ಅಡ್ಮಿನ್: ತೆಗೆದಿದ್ದೇನೆ. ಥ್ಯಾಂಕ್ಸ್ ಮೇಡಂ.

ಮನೆಮದ್ದು ಮಾವ: ಇದು ಸರಿ ಇಲ್ಲ ಅಡ್ಮಿನ್.

ಮಲ್ಲೇಶ್ವರಂ ಮೊಗ್ಗು: ಜುಮುಕಿದು ಯಾರೂ ಹೇಳಲಿಲ್ಲ.

ಅವೆನ್ಯೂ ರೋಡ್ ಹುಡುಗ: ಕಿಟ್ಟಿ, ಎಸ್‌ಪಿ ರೋಡೆಲ್ಲ ಡೂಪ್ಲಿಕೇಟ್ ಅಂದಿರಲ್ಲ. ನೋಡಿ, ರಾತ್ರಿ ಪಾಳಿಯವರ ಹೆಡ್‌ಸೆಟ್ ಸರಿಯಾಗೇ ಇತ್ತು.

ಕೀಬೋರ್ಡ್ ಕಿಟ್ಟಿ: ಅವರು ಎಲ್ಲಿ ತಗೊಂಡರು ಅಂತ ನಿಮಗೆ ಹೇಗೆ ಗೊತ್ತು? ಆನ್‌ಲೈನ್ ಆದರೆ ವಾಪಸ್ ಕೊಡಬಹುದು, ನಿಮ್ಮ ರೋಡಲ್ಲಿ ಕೊಡುತ್ತಾರಾ?

ಅವೆನ್ಯೂ ರೋಡ್ ಹುಡುಗ: ಆನ್‌ಲೈನ್‌ನಲ್ಲಿ ಹಾಕಿ ನೋಡಿ ತಗೊಳ್ಳಲು ಆಗುತ್ತದಾ? ಮೇಡಂ ಹೇಳಿದ್ದೂ ಅದೇ ತಾನೆ. ಶನಿವಾರ 11ಕ್ಕೆ ಟೌನ್ ಹಾಲ್ ಹತ್ತಿರ ಬನ್ನಿ. ನಾಲ್ಕು ಅಂಗಡಿ ತೋರಿಸುತ್ತೇನೆ.

ಕೀಬೋರ್ಡ್ ಕಿಟ್ಟಿ: ಬರುತ್ತೇನೆ. ಜಿಎಸ್‌ಟಿ ಬಿಲ್ ಕೊಡುವ ಅಂಗಡಿ ಆಗಿರಲಿ. ನನ್ನ ಬಜೆಟ್ ಗೊತ್ತಲ್ಲ.